ಕಾಂಗ್ರೆಸ್ ಡಾಟ್ ಗವ್: ಬಾಂಬ್ ಮಾರಾಟ ಬೇಡ ಅಂದವರ ಹೆಸರು ಹುಡುಕಿದಾಗ

ಎಂಟು ವರ್ಷ ಸೌದಿಯ ಖಮೀಸ್ ಮುಶೈತ್‌ನಲ್ಲಿ ಗೋದಾಮಿನ ಲೆಕ್ಕ ಬರೆಯುತ್ತಿದ್ದೆ. 2020ರಲ್ಲಿ ಊರಿಗೆ ಬಂದೆ. ಈಗ ಉಡುಪಿಯ ಅಂಬಲಪಾಡಿಯಲ್ಲಿ ಇದ್ದೇನೆ. ಖಮೀಸ್‌ನಲ್ಲಿ ದೊಡ್ಡ ವಾಯುನೆಲೆ ಉಂಟು. 2015ರ ಮಾರ್ಚ್‌ನಲ್ಲಿ ಸೌದಿ ಯೆಮನ್‌ನ ಹೂತಿ ಬಂಡುಕೋರರ ಮೇಲೆ ಯುದ್ಧ ಶುರು ಮಾಡಿದ ಮೇಲೆ, ರಾತ್ರಿ ವಿಮಾನ ಏರುವಾಗ ನಮ್ಮ ರೂಮಿನ ಕಿಟಕಿ ಗಾಜು ಅದುರುತ್ತಿತ್ತು. ತೊಳೆದು ಕವುಚಿಟ್ಟ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ನಮ್ಮ ಲಾರಿ ಡ್ರೈವರ್ ಯೆಮನ್‌ನವ. ಆ ಸದ್ದು ಕೇಳಿದ ಕೂಡಲೇ ಎದ್ದು ಕೂತು ಮನೆಗೆ ಫೋನ್ ಮಾಡುತ್ತಿದ್ದ. ಒಂದು ರಾತ್ರಿ ನನ್ನ ಹತ್ರ ಕೇಳಿದ: "ಬಾಂಬ್ ಅಮೆರಿಕದ್ದು ಅಂತಾರೆ. ಬೇಡ ಅಂದವರು ಅಲ್ಲಿ ಒಬ್ಬರೂ ಇಲ್ವಾ?" ನನಗೆ ಗೊತ್ತಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಾಂಗ್ರೆಸ್ ಡಾಟ್ ಗವ್ ಎಂಬ ಜಾಲತಾಣದಲ್ಲಿ. ಇದು ಅಮೆರಿಕದ ಸಂಸತ್ತಿನದ್ದು, ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುತ್ತದೆ. ಒಂದು ಪೈಸೆ ಇಲ್ಲ, ಲಾಗಿನ್ ಕೂಡ ಬೇಡ. ಮಗಳ ಲ್ಯಾಪ್‌ಟಾಪಿನಲ್ಲಿ ಎರಡು ತಿಂಗಳಿಂದ ದಿನಾ ರಾತ್ರಿ ನೋಡುತ್ತಿದ್ದೇನೆ. ನನ್ನ ಅನುಭವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಅಲ್ಲಿನ ಪದ್ಧತಿ ಗೊತ್ತಿರಬೇಕು, ಇಲ್ಲದಿದ್ದರೆ ಎಲ್ಲಿ ಹುಡುಕುವುದು ಅಂತಲೇ ತಿಳಿಯುವುದಿಲ್ಲ. ನಮ್ಮಲ್ಲಿ ಜಾಗ ಮಾರುವಾಗ "ತಕರಾರು ಇದ್ದವರು ಇಷ್ಟು ದಿನದೊಳಗೆ ತಿಳಿಸಿ" ಅಂತ ಪೇಪರಿನಲ್ಲಿ ನೋಟಿಸ್ ಬರುತ್ತದೆ ಅಲ್ವಾ? ಹೆಚ್ಚು ಕಡಿಮೆ ಅದೇ. 1976ರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ದೊಡ್ಡ ಆಯುಧ ಮಾರುವ ಮೊದಲು ಅಲ್ಲಿನ ಸರ್ಕಾರ ಸಂಸತ್ತಿಗೆ ತಿಳಿಸಿ 30 ದಿನ ಕಾಯಬೇಕು. ಅಮೆರಿಕದ ಮಿತ್ರಕೂಟವಾದ ನೇಟೊ ದೇಶಗಳು, ಜಪಾನ್, ಇಸ್ರೇಲ್ ಮುಂತಾದವಕ್ಕಾದರೆ 15 ದಿನ ಸಾಕು. ಸೌದಿಗೂ ಭಾರತಕ್ಕೂ 30 ದಿನವೇ. 2019ರಲ್ಲಿ ಈ 30 ದಿನದ ದೇಶಗಳಿಗೆ ಮುಖ್ಯ ಆಯುಧವಾದರೆ 1.4 ಕೋಟಿ ಡಾಲರ್, ಉಳಿದ ರಕ್ಷಣಾ ಸಾಮಗ್ರಿಯಾದರೆ 5 ಕೋಟಿ ಡಾಲರ್ ಮುಟ್ಟಿದ ವ್ಯವಹಾರ ಹೀಗೆ ಬರಬೇಕಿತ್ತು. ಬೇಡ ಅನ್ನಿಸಿದರೆ ಸೆನೆಟ್, ಹೌಸ್ ಎಂಬ ಎರಡೂ ಸದನ ಸೇರಿ ತಿರಸ್ಕಾರದ ನಿರ್ಣಯ ಮಾಡಬಹುದು. ಇದನ್ನು ಬಿಡಿಸಿ ಹೇಳುವ ಸಂಶೋಧನಾ ವರದಿಗಳೂ ಅದೇ ತಾಣದಲ್ಲಿ ಉಂಟು. ಮೊದಲು ಸಂಸದರಿಗೆ ಮಾತ್ರ ಕೊಡುತ್ತಿದ್ದರಂತೆ, 2018ರಿಂದ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಇಂಗ್ಲಿಷ್ ಸರಳವಾಗಿದೆ. ಪಿಯುಸಿ ಓದಿದ ನನಗೆ ಅರ್ಥ ಆಯಿತು.

ನಾನು ಹುಡುಕಿದ್ದು 2019ರ ನಿರ್ಣಯಗಳನ್ನು. ಆ ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರ ತುರ್ತು ಪರಿಸ್ಥಿತಿ ಅಂತ ಹೇಳಿ, 30 ದಿನದ ಕಾಯುವಿಕೆಯನ್ನೇ ಬಿಟ್ಟು, ಸೌದಿ, ಯುಎಇ, ಜೋರ್ಡಾನ್‌ಗೆ 22 ಮಾರಾಟಗಳನ್ನು ಒಟ್ಟಿಗೆ ಮುಂದೆ ತಂದಿತು. ಒಟ್ಟು 8 ಬಿಲಿಯನ್ ಡಾಲರ್‌ಗಿಂತ ಜಾಸ್ತಿ. ಹಿಂದಿನ ಆಗಸ್ಟ್‌ನಲ್ಲಷ್ಟೇ ಯೆಮನ್‌ನ ದಹ್ಯಾನ್‌ನಲ್ಲಿ ಶಾಲಾ ಮಕ್ಕಳಿದ್ದ ಬಸ್ಸಿನ ಮೇಲೆ ಬಾಂಬ್ ಬಿದ್ದು 40 ಮಕ್ಕಳು ಸತ್ತಿದ್ದರು. ಆ ಸುದ್ದಿ ಬಂದ ದಿನ ನಮ್ಮ ಡ್ರೈವರ್ ಲಾರಿ ತೆಗೆಯಲಿಲ್ಲ. ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. 2019ರ ಜೂನ್ 12ರಂದು ಹೂತಿಗಳು ಸೌದಿಯ ಅಭಾ ವಿಮಾನ ನಿಲ್ದಾಣಕ್ಕೆ ಕ್ಷಿಪಣಿ ಹೊಡೆದು 26 ಜನರಿಗೆ ಗಾಯವಾಯಿತು. ನಾವು ಊರಿಗೆ ಬರುವಾಗ ವಿಮಾನ ಹತ್ತುತ್ತಿದ್ದ ಜಾಗ ಅದು. ಹೆದರಿಕೆ ಎರಡೂ ಕಡೆ ಇತ್ತು.

ಎಸ್.ಜೆ.ರೆಸ್. 36, ಅಂದರೆ ಸೆನೆಟ್‌ನಲ್ಲಿ ಮಂಡಿಸಿದ 36ನೇ ಜಂಟಿ ನಿರ್ಣಯ, ಅಂತ ಹುಡುಕಿ. ಪೇವ್‌ವೇ ಎಂಬ, ಗುರಿ ಹಿಡಿದು ಬೀಳುವ ಬಾಂಬಿನ ಸಾಮಗ್ರಿಗೆ ಸಂಬಂಧಪಟ್ಟ ನಿರ್ಣಯ ಇದು. ಪುಟದ ಮೇಲ್ಭಾಗದಲ್ಲಿ ಒಂದು ಪಟ್ಟಿ ಕಾಣುತ್ತದೆ: ಮಂಡನೆ, ಸೆನೆಟ್‌ನಲ್ಲಿ ಪಾಸ್, ಹೌಸ್‌ನಲ್ಲಿ ಪಾಸ್, ಅಧ್ಯಕ್ಷರ ಬಳಿಗೆ. ಕೊರಿಯರ್ ಎಲ್ಲಿಗೆ ಮುಟ್ಟಿತು ಅಂತ ನೋಡಿದ ಹಾಗೆಯೇ. ಕೆಳಗೆ ದಿನಾಂಕಗಳ ಸಾಲು. ಜೂನ್ 20ಕ್ಕೆ ಸೆನೆಟ್‌ನಲ್ಲಿ ನಿರ್ಣಯದ ಪರ 53, ವಿರುದ್ಧ 45. ಜುಲೈ 24ಕ್ಕೆ ಅಧ್ಯಕ್ಷರ ವೀಟೊ, ಅಂದರೆ ಸಹಿ ಹಾಕದೆ ತಿರಸ್ಕರಿಸಿದ್ದು. ಜುಲೈ 29ಕ್ಕೆ ವೀಟೊ ಮೀರಲು ಮತ್ತೆ ಮತ, ಪರ 45, ವಿರುದ್ಧ 40. ಮತ ಹಾಕಿದ 85 ಜನರಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ 57 ಬೇಕಿತ್ತು. ಅಲ್ಲಿಗೆ ಮುಗಿಯಿತು. ಮತದ ಸಂಖ್ಯೆ ಒತ್ತಿದರೆ ಸೆನೆಟ್‌ನ ಪುಟ ತೆರೆದು ಪ್ರತಿಯೊಬ್ಬರ ಹೆಸರು, ಪಕ್ಷ, ರಾಜ್ಯ, ಹೌದು ಅಂದರೋ ಇಲ್ಲ ಅಂದರೋ ಎಲ್ಲ ಬರುತ್ತದೆ. ಇಲ್ಲಿ ಹೌದು ಅಂದರೆ ಮಾರಾಟ ಬೇಡ ಅಂದ ಹಾಗೆ. ಜುಲೈ 29ರ ಪಟ್ಟಿ ತೆರೆದ ಮೇಲೆ ಹೊರಗೆ ಜೋರು ಮಳೆ, ಕರೆಂಟ್ ಹೋಗಿ ವೈಫೈ ನಿಂತಿತು. ಲ್ಯಾಪ್‌ಟಾಪಿನ ಬೆಳಕಿನಲ್ಲೇ ಪೆನ್ನು ಹಿಡಿದು ಹೌದು ಅಂದ 45 ಹೆಸರನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.

ಇಂಥ ನಿರ್ಣಯದಿಂದ ಇಂದಿನವರೆಗೆ ಒಂದು ಮಾರಾಟವೂ ನಿಂತಿಲ್ಲ. ಇದು ತಾಣದ ತಪ್ಪಲ್ಲ. 1983ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಚಡ್ಡಾ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ, ಸದನಗಳು ಬೇಡ ಅಂದರಷ್ಟೇ ಸಾಲದು, ಅಧ್ಯಕ್ಷರ ಸಹಿಯೂ ಬೇಕು, ಇಲ್ಲವೇ ವೀಟೊ ಮೀರಬೇಕು. ಮಾರಲು ಹೊರಟವರೇ ಸಹಿ ಹಾಕುತ್ತಾರಾ? 1986ರಲ್ಲಿ ಸೌದಿಗೆ ಕ್ಷಿಪಣಿ ಮಾರುವ ವಿಷಯದಲ್ಲಿ ರೇಗನ್ ವೀಟೊ ಮೀರಲು 67 ಬೇಕಿತ್ತು, ಬಿದ್ದದ್ದು 66. ಒಂದೇ ಒಂದು ಮತ!

ಕೊರತೆಗಳನ್ನೂ ಹೇಳುತ್ತೇನೆ. ಮಾರಾಟದ ನೋಟಿಸ್ ಇಲ್ಲಿ ಒಂದು ಸಾಲಿನ ಪತ್ರದ ಉಲ್ಲೇಖವಾಗಿ ಬರುತ್ತದೆ. ವಿವರ ಬೇಕಾದರೆ ಬೇರೆ ಪುಟಗಳಲ್ಲಿ ಹುಡುಕಬೇಕು. ಇನ್ನೊಂದು ದೊಡ್ಡ ವಿಷಯ. ನೋಟಿಸ್ ಬರುವ ಮುಂಚೆಯೇ ಎರಡೂ ಸದನಗಳ ವಿದೇಶಾಂಗ ಸಮಿತಿಗಳ ಅಧ್ಯಕ್ಷರು ಮತ್ತು ಅಲ್ಲಿನ ವಿರೋಧ ಪಕ್ಷದ ಹಿರಿಯ ಸದಸ್ಯರು, ಹೀಗೆ ನಾಲ್ಕು ಜನರಲ್ಲಿ ಯಾರಾದರೂ ವಾಡಿಕೆಯ ಪ್ರಕಾರ ಸುಮ್ನೆ ತಡೆದು ಇಡಬಹುದು. ನಿಜವಾದ ಹಗ್ಗಜಗ್ಗಾಟ ನಡೆಯುವುದೇ ಅಲ್ಲಿ, ಅದಕ್ಕೆ ಇಲ್ಲಿ ಪುಟವೇ ಇಲ್ಲ. ಅದಕ್ಕೇ 5ಕ್ಕೆ 4 ಸ್ಟಾರ್.

ನಮ್ಮ ದೇಶದ ವಿಷಯ ನೆನೆದರೆ ಬೇಸರ ಆಗುತ್ತದೆ. ಭಾರತಕ್ಕೆ 31 ಡ್ರೋನ್, ಅಂದಾಜು 3.99 ಬಿಲಿಯನ್ ಡಾಲರ್ ಅಂತ 2024ರ ಫೆಬ್ರವರಿ 1ರಂದು ಅಮೆರಿಕದ ಸಂಸತ್ತಿಗೆ ಹೋದ ನೋಟಿಸನ್ನು ನಾನು ಅಂಬಲಪಾಡಿಯಲ್ಲಿ ಕೂತು ಓದಬಹುದು. ಈಗ ನಾವೂ ಮಾರುವವರೇ. 2024-25ರಲ್ಲಿ ರಕ್ಷಣಾ ರಫ್ತು 23,622 ಕೋಟಿ ರೂಪಾಯಿ. ಫಿಲಿಪ್ಪೀನ್ಸ್‌ಗೆ ಬ್ರಹ್ಮೋಸ್ ಕೊಟ್ಟಿದ್ದೇವೆ, ಅದರಲ್ಲಿ ನನಗೆ ಹೆಮ್ಮೆಯೂ ಉಂಟು. ಸಂಸದರು ಪ್ರಶ್ನೆ ಕೇಳಬಹುದು, ರಕ್ಷಣಾ ಸ್ಥಾಯಿ ಸಮಿತಿಯೂ ಇದೆ. ಆದರೆ ಮಾರುವ ಮೊದಲು ಸಂಸತ್ತಿಗೆ ಹೇಳಿ ಕಾಯಬೇಕು ಅನ್ನುವ ಕಾನೂನು ನಮ್ಮಲ್ಲಿಲ್ಲ. ಬರಬೇಕು. ನಮ್ಮ ಸಂಸದರಿಗೆ ಕನ್ನಡದಲ್ಲೇ ಕಾಗದ ಬರೆದಿದ್ದೇನೆ.

ಬಳಸುವವರಿಗೆ ಒಂದು ಮಾತು: ಖಾತೆ ತೆರೆದು ಅಲರ್ಟ್ ಹಾಕಿಕೊಳ್ಳಿ, ನಿರ್ಣಯ ಮುಂದೆ ಹೋದಾಗ ಇಮೇಲ್ ಬರುತ್ತದೆ.

ಆ 45 ಹೆಸರಿನ ಪಟ್ಟಿಯ ಫೋಟೊ ತೆಗೆದು ನಮ್ಮ ಹಳೆಯ ಡ್ರೈವರ್‌ಗೆ ವಾಟ್ಸಾಪ್ ಮಾಡಿದೆ. ಇವರೆಲ್ಲ ಬೇಡ ಅಂದವರು ಅಂತ ನನ್ನ ಹರಕು ಅರಬ್ಬಿಯಲ್ಲಿ ಬರೆದೆ. ಮರುದಿನ ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಮಕ್ಕಳ ಗಲಾಟೆ. ಅವನು ನಿಧಾನಕ್ಕೆ ಎರಡು ಸಲ ಹೇಳಿದ: "ಖಮ್ಸಾ ವ ಅರ್ಬಯೀನ್. ಖಮ್ಸಾ ವ ಅರ್ಬಯೀನ್." ನಲವತ್ತೈದು.