ಉಳಿಯ ಹಿಡಿಗೆ ಅಣಸು: ನಳಿಕೆಯದೋ, ಸರಳಿನದೋ, ತಾಮ್ರದ್ದೋ?

ಅಂಗಡಿಯಲ್ಲಿ ಸಿಗುವ ಉಳಿಯ ಹಿಡಿಗೆ, ಅದು ಸೀಳದಿರಲೆಂದು, ತೆಳು ತಗಡಿನ ಬಳೆ ಹಾಕಿರುತ್ತಾರೆ; ಅದೇ ಅಣಸು. ಕೊಡತಿಯ ನಾಲ್ಕು ಏಟು ಬಿದ್ದರೆ ಆ ಬಳೆ ಸಡಿಲವಾಗಿ ಹಿಡಿಯ ಮೇಲೆ ಗಿರಗಿರನೆ ತಿರುಗುತ್ತದೆ. ಧಾರವಾಡದ ಮನೆಯ ಹಿತ್ತಲಲ್ಲಿ ನಾನೇ ಜಾಲಿ ಕಟ್ಟಿಗೆಯ ಹಿಡಿ ಕಡೆಯಲು ಶುರುಮಾಡಿದ ಮೇಲೆ ಅಣಸನ್ನೂ ನಾನೇ ಮಾಡಬೇಕಾಯಿತು. ನನಗೆ ಬೇಕಾದ ಅಳತೆ ಹೊರಗೆ 20 ಮಿಲಿಮೀಟರ್, ಒಳಗೆ 18. ಇದೇ ಅಳತೆಯ ನಳಿಕೆ ಹುಡುಕಿದೆ, ಸಿಗಲಿಲ್ಲ. ಹಾಗಾಗಿ ಬೇರೆ ಅಳತೆಯದನ್ನು ತಂದು ಬಗ್ಗಿಸುವ ದಾರಿ ಹಿಡಿದೆ. ಮೂರು ಬಗೆ ಮಾಡಿ ನೋಡಿದ್ದೇನೆ.

ಸರಳಿನ ಕತೆ ಬೇಗ ಮುಗಿಯುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಒಬ್ಬ ಲೇಥಿನವರಿಂದ 22 ಮಿಲಿಮೀಟರ್ ಹಿತ್ತಾಳೆ ಸರಳಿನಲ್ಲಿ ಆರು ಬಳೆ ಕಡೆಸಿದೆ. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ, ಹೊಳಪಂತೂ ಬಂಗಾರದ್ದು. ಆದರೆ ಲೆಕ್ಕ ಹಾಕಿ: ನೂರು ಗ್ರಾಂ ಸರಳಿನಲ್ಲಿ ಬಳೆಯಾಗಿ ಉಳಿಯುವುದು ಹದಿನಾರು ಗ್ರಾಂ, ಮಿಕ್ಕದ್ದೆಲ್ಲ ಚೂರು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಲೇಥಿಗೆಂದೇ ಮಾಡುವ ಸರಳಿನಲ್ಲಿ ಸೀಸ ಬೆರೆಸಿರುತ್ತಾರೆ. ಚೂರು ರವೆಯಂತೆ ಉದುರಲಿ ಎಂದು. ಕಡೆಯಲು ಒಳ್ಳೆಯದಾದ ಆ ಗುಣವೇ ಬಗ್ಗಿಸಲು ಕೆಟ್ಟದ್ದು. ಬಾಯಿಯ ಅಂಚನ್ನು ಕಟ್ಟಿಗೆಯ ಮೇಲೆ ಮಡಿಸಲು ಹೋದಾಗ ಅದು ಒಣಗಿದ ಹಪ್ಪಳದಂತೆ ಮೂರು ಕಡೆ ಸೀಳಿತು.

ತಾಮ್ರಕ್ಕೆ ಎಸಿ ರಿಪೇರಿಯವರ ಬಳಿ ಉಳಿದ ಮುಕ್ಕಾಲು ಇಂಚಿನ ಪೈಪಿನ ತುಂಡು ಸಾಕು. ಒಳಗೆ ಸುಮಾರು 17 ಇರುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೊನೆ ಸಣ್ಣಗಿರುವ ಉಕ್ಕಿನ ಗೂಟವನ್ನು ಬಡಿದು ಇಳಿಸಿದರೆ ಬೆಣ್ಣೆಯಂತೆ ಹಿಗ್ಗುತ್ತದೆ. ಹತ್ತು ನಿಮಿಷದ ಕೆಲಸ. ಆದರೆ ಅದರ ಮೆತ್ತನೆಯ ಗುಣ ಹಿಡಿಗೆ ಹಾಕಿದ ಮೇಲೂ ಹೋಗುವುದಿಲ್ಲ. ದಪ್ಪ ಉಳಿಗೆ ಹಾಕಿದ್ದು ಒಂದು ಬಾಗಿಲ ಚೌಕಟ್ಟು ಮುಗಿಯುವಷ್ಟರಲ್ಲಿ ಮೂಲೆ ನುಗ್ಗಾಗಿತ್ತು. ಕೆತ್ತನೆಯ ಸಣ್ಣ ಉಳಿಗಾದರೆ ಅಡ್ಡಿಯಿಲ್ಲ.

ಮೂರನೆಯದೇ ನನ್ನ ಮೆಚ್ಚಿನದು. ಹಳೇ ಹುಬ್ಬಳ್ಳಿಯ ಗುಜರಿಯಲ್ಲಿ ಔಷಧ ಹೊಡೆಯುವ ಪಂಪಿನ ಹಿತ್ತಾಳೆ ನಳಿಕೆ ಸಿಕ್ಕಿತು: ಹೊರಗೆ 22, ಗೋಡೆ 1 ಮಿಲಿಮೀಟರ್. (ಕೊಳ್ಳುವಾಗ ಅಯಸ್ಕಾಂತ ಒಯ್ಯಿರಿ, ಹಿತ್ತಾಳೆ ಎಂದು ಕೊಟ್ಟ ಒಂದು ಪರದೆಯ ಪೈಪು ಅದಕ್ಕೆ ಪಟ್ಟನೆ ಅಂಟಿಕೊಂಡಿತ್ತು.) ಮೊದಲು ಸೋಡಾಪುಡಿ ಬೆರೆಸಿದ ನೀರಿನಲ್ಲಿ ಚೆನ್ನಾಗಿ ತೊಳೆದೆ, ಹಳೆಯ ಕೀಟನಾಶಕ ಕಾಯಿಸುವಾಗ ಹೊಗೆಯಾಗಬಾರದಲ್ಲ. ಲೇಥಿನವರಿಂದ ಮೂರು ಉಕ್ಕಿನ ಅಚ್ಚು ಮಾಡಿಸಿದೆ, ಅವುಗಳ ತೂತು 21.3, 20.6, 20 ಮಿಲಿಮೀಟರ್. ಬಳೆಗೆ ಹರಳೆಣ್ಣೆ ಸವರಿ, ವೈಸಿನಲ್ಲಿ ಇಟ್ಟು ಒತ್ತುವುದು. ಎಣ್ಣೆ ತೆಳುವಾಗಿ ಇರಬೇಕು. ಹೆಚ್ಚಾದರೆ ಹೊರಹೋಗಲು ದಾರಿಯಿಲ್ಲದೆ ಹಿತ್ತಾಳೆಯನ್ನೇ ಒಳಗೆ ತಗ್ಗಿಸುತ್ತದೆ. ಅವಸರಕ್ಕೆ ಮಧ್ಯದ ಅಚ್ಚು ಬಿಟ್ಟು ಒಮ್ಮೆಗೇ 20ಕ್ಕೆ ಒತ್ತಿದ ಬಳೆಯ ಬಾಯಿ ಸೀರೆಯ ನೆರಿಗೆಯಂತಾಯಿತು.

ಪ್ರತಿ ಅಚ್ಚಿನ ನಂತರ ಕಾಯಿಸಬೇಕು. ಪಾತ್ರೆ ಬಡಿಯುವ ಅಜ್ಜ ಒಬ್ಬರು ನನ್ನ ಮೊದಲ ಪ್ರಯತ್ನ ನೋಡಿ, ‘ಬಿಸಿಲಲ್ಲಿ ಕೆಂಪು ಕಾಣುವಷ್ಟು ಕಾಯಿಸಿದರೆ ಕೆಟ್ಟಿತು ತಮ್ಮಾ, ನೆರಳಲ್ಲಿ ಮಸುಕಾಗಿ ಕಾಣುವಷ್ಟು ಸಾಕು’ ಎಂದರು. ಉಕ್ಕನ್ನು ಬಲ್ಲವರಿಗೆ ಇಲ್ಲಿ ಗೊಂದಲವಾಗುತ್ತದೆ: ಹಿತ್ತಾಳೆಯನ್ನು ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿಯಾಗುವುದಿಲ್ಲ, ಮೆತ್ತಗಾಗುತ್ತದೆ. ಅದು ಗಟ್ಟಿಯಾಗುವುದು ಒತ್ತಿದಾಗ, ಬಡಿದಾಗ. ಬಂದೂಕಿನ ತೋಟಾದ ಹಿತ್ತಾಳೆ ಕೋಶವನ್ನು ಬೇರೆ ಅಳತೆಗೆ ತಿರುಗಿಸುವವರ ಕೆಲಸವೂ ಇದೇ. ಅಮೆರಿಕದ .243 ವಿಂಚೆಸ್ಟರ್ ಎಂಬ ತೋಟಾ 1955ರಲ್ಲಿ ಬಂದದ್ದು .308 ಎಂಬ ಇನ್ನೊಂದು ತೋಟಾದ ಕೋಶದ ಕತ್ತನ್ನು ಸಣ್ಣದಾಗಿಸಿಯೇ. ಅವರು ಕತ್ತನ್ನು ಮಾತ್ರ ಕಾಯಿಸುತ್ತಾರೆ. ಸ್ಫೋಟದ ಒತ್ತಡ ತಡೆಯಬೇಕಾದ ಬುಡ ಮೆತ್ತಗಾದರೆ ಜೀವಕ್ಕೇ ಅಪಾಯ. ನನ್ನ ಬಳೆಗೆ ಆ ಹಂಗಿಲ್ಲ, ಇಡಿಯಾಗಿ ಕಾಯಿಸುತ್ತೇನೆ.

ಕೊನೆಯ ಅಚ್ಚಿನ ನಂತರ ಮಾತ್ರ ಕಾಯಿಸುತ್ತಿರಲಿಲ್ಲ. ಗಟ್ಟಿಯಾಗಿಯೇ ಉಳಿಯಲಿ, ಏಟು ತಾಳಲಿ ಎಂಬ ಲೆಕ್ಕ. ಹಾಗೆ ಮಾಡಿದ ಎರಡನ್ನು ಕುಂದಗೋಳದ ಹತ್ತಿರದ ನಮ್ಮ ಮಾವನವರ ಕುರ್ಪಿಗಳಿಗೆ ಹಾಕಿಕೊಟ್ಟೆ. ಜೊತೆಗೆ ಒಂದು ಕುರ್ಪಿಗೆ ತಾಮ್ರದ್ದು. ಮೂರೂ ದನದ ಕೊಟ್ಟಿಗೆಯ ಗೋಡೆಗೆ ತೂಗಿದವು. ಮಳೆಗಾಲ ಮುಗಿದು ಹೋದಾಗ ಹಿತ್ತಾಳೆಯವೆರಡೂ ಉದ್ದಕ್ಕೆ ಸೀಳಿದ್ದವು. ಮಾವ, ‘ಅಳಿಯಂದಿರೇ, ಇವನ್ನು ಯಾರೂ ಮುಟ್ಟಿಯೇ ಇಲ್ಲ’ ಎಂದರು. ಕಟ್ಟಿಗೆ ಉಬ್ಬಿರಬೇಕು ಎಂದುಕೊಂಡೆ. ಆದರೆ ಅದೇ ಕಟ್ಟಿಗೆಯ ಮೇಲಿದ್ದ, ಅವಕ್ಕಿಂತ ಮೆತ್ತಗಿನ ತಾಮ್ರದ ಬಳೆ ಹಸಿರುಗಟ್ಟಿತ್ತೇ ಹೊರತು ಒಡೆದಿರಲಿಲ್ಲ.

ಇದು ಹಳೆಯ ರೋಗ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಾಗ ಕೋಶಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಮೂತ್ರದಿಂದ ಏಳುವ ಅಮೋನಿಯಾ, ತೇವ, ಒತ್ತಿದಾಗ ಹಿತ್ತಾಳೆಯೊಳಗೆ ಉಳಿದ ಬಿಗುವು, ಮೂರೂ ಸೇರಿದರೆ ಹೀಗಾಗುತ್ತದೆ ಎಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಮದ್ದು ಸುಲಭ: ಕೊನೆಗೊಮ್ಮೆ ಹದವಾಗಿ ಕಾಯಿಸಿ ಬಿಗುವು ಇಳಿಸುವುದು.

ಓದಿದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಉಪ್ಪಿನಕಾಯಿ ಭರಣಿಯ ತಳಕ್ಕೆ ಹಳೆಯ ಗಂಜಲ ಸುರಿದು, ಮೇಲೆ ದಾರದಲ್ಲಿ ಎರಡು ಬಳೆ ತೂಗಿಬಿಟ್ಟು ಮುಚ್ಚಳ ಹಾಕಿದೆ. ಒಂದು ಕಾಯಿಸಿದ್ದು, ಇನ್ನೊಂದು ಕಾಯಿಸದ್ದು. ನಾಲ್ಕನೆಯ ದಿನ ಕಾಯಿಸದ ಬಳೆಯ ಬಾಯಿಯಿಂದ ಕೂದಲಿನಂಥ ಕಪ್ಪು ಗೆರೆ ಇಳಿದಿತ್ತು. ಉಗುರು ತಾಗಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಎರಡು ಬೆರಳಲ್ಲಿ ಒತ್ತಿದೆ, ಟಕ್ ಎಂದು ಬಿಚ್ಚಿಕೊಂಡಿತು. ಇನ್ನೊಂದು ನೀಲಿಗಪ್ಪಾಗಿತ್ತು, ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಎಂದಿನಂತಾಯಿತು. ಈಗ ಅದೇ ಮಾವನವರ ಕುರ್ಪಿಯ ಮೇಲಿದೆ, ಅದೇ ಕೊಟ್ಟಿಗೆಯಲ್ಲಿ. ಭರಣಿಯನ್ನು ಮಾತ್ರ ನನ್ನ ಹೆಂಡತಿ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.