ಆರು ವಾರದ ಕಿರುಚಿತ್ರ ಕೋರ್ಸ್: ಶೂಟಿಂಗ್‌ಗೆ ಓಟ ಸರಿ, ಎಡಿಟಿಂಗ್‌ಗೆ ಯಾಕೆ?

ಕೋರ್ಸ್ ಮುಗಿಸಿ ಎರಡು ವಾರ ಆಯ್ತು. ಹೆಸರು ಬೇಡ. ಕಲಿಸುವವರು ಕೆಲಸ ಗೊತ್ತಿರುವವರು, ಕ್ಯಾಮೆರಾ, ಲೈಟು ಎಲ್ಲಾ ಚೆನ್ನಾಗಿವೆ. ನನ್ನ ತಕರಾರು ವೇಗದ ಬಗ್ಗೆ ಮಾತ್ರ.

ಮೊದಲ ವಾರ ಭರ್ಜರಿ. 1895ರಲ್ಲಿ, ಸಿನಿಮಾದ ಶುರುವಿನ ಕಾಲದ ಫ್ರಾನ್ಸಿನ ಲ್ಯೂಮಿಯೇರ್ ಸೋದರರ ಕ್ಯಾಮೆರಾದಲ್ಲಿ ಹಿಡಿಸುತ್ತಿದ್ದದ್ದು ಸುಮಾರು 17 ಮೀಟರ್ ಫಿಲ್ಮ್, ಅಂದರೆ ಹೆಚ್ಚುಕಮ್ಮಿ 50 ಸೆಕೆಂಡ್. ನಮಗೂ ಅದೇ ಲೆಕ್ಕ: ಕ್ಯಾಮೆರಾ ಅಲ್ಲಾಡಬಾರದು, ಕಟ್ ಇಲ್ಲ, ಒಂದೇ ಟೇಕ್, ಸಂಜೆಯೊಳಗೆ ಎಲ್ಲರೆದುರು ತೋರಿಸಬೇಕು. ಒಂದೇ ಸ್ಕ್ರಿಪ್ಟನ್ನು ವರ್ಷಗಟ್ಟಲೆ ತಿದ್ದುತ್ತಾ ಕೂತವನು ನಾನು. ಅವತ್ತು ತಲೆ ಕೆಡಿಸಿಕೊಳ್ಳೋಕೂ ಟೈಮ್ ಇಲ್ಲದೆ, ಮೆಟ್ಟಿಲ ಕೆಳಗೆ ಟ್ರೈಪಾಡ್ ಇಟ್ಟು ಹತ್ತುವವರ ಕಾಲುಗಳನ್ನಷ್ಟೇ ತೆಗೆದೆ. ಇನ್ನೇನು ಮುಗೀತು ಅನ್ನುವಾಗ ಒಂದು ಪುಟ್ಟ ಮಗು, ಹತ್ತಿದ ಮೆಟ್ಟಿಲನ್ನೇ ಇಳಿದು, ಎಡಗಾಲು ಮೊದಲಿಟ್ಟು ಇನ್ನೊಮ್ಮೆ ಹತ್ತಿತು. ನಾನು ಕೂತು ಬರೆದಿದ್ದರೆ ಇದು ಬರ್ತಿರಲಿಲ್ಲ ಬಿಡಿ.

ತೊಂದರೆ ಏನಂದ್ರೆ, ಅದೇ ಓಟವನ್ನು ಅವರು ಎಡಿಟಿಂಗ್‌ಗೂ ತಂದರು. ಒಂದೂವರೆ ಗಂಟೆ ಫುಟೇಜ್, ನಾಲ್ಕು ನಿಮಿಷದ ಚಿತ್ರ, ಕೊಟ್ಟಿದ್ದು ಒಂದು ಮಧ್ಯಾಹ್ನ. ಎಲ್ಲಾ ಟೇಕ್ ಒಂದು ಸಲ ನೋಡೋಕೇ ಒಂದೂವರೆ ಗಂಟೆ ಬೇಕಲ್ವಾ? ಹಾಗಾಗಿ ಯಾರೂ ನೋಡಲಿಲ್ಲ. ಶೂಟಿಂಗ್ ವೇಳೆ ಪ್ರತಿ ಟೇಕ್ ಬಗ್ಗೆ ಬರೆದಿಡುವ ಲಾಗ್ ಶೀಟ್‌ನಲ್ಲಿ 'ಓಕೆ' ಅಂತಿದ್ದ ಟೇಕ್‌ಗಳನ್ನು ಎತ್ತಿ ಸಾಲಾಗಿ ಇಟ್ಟು, ಯಾರು ಮಾತಾಡ್ತಾರೋ ಅವರ ಮುಖಕ್ಕೆ ಕಟ್ ಮಾಡುತ್ತಾ ಹೋದೆವು. ಕೊನೆಯ ದಿನ ಹನ್ನೆರಡು ಚಿತ್ರ ನೋಡಿದರೆ ಹನ್ನೆರಡೂ ಒಬ್ಬರೇ ಮಾಡಿದ ಹಾಗಿತ್ತು. ಒಂದೊಂದಕ್ಕೆ ಎರಡೆರಡು ನಿಮಿಷ ಅಭಿಪ್ರಾಯ, ಅದೂ ಗಡಿಯಾರ ನೋಡಿಕೊಂಡು.

ಆಮೇಲೆ ಮನೆಯಲ್ಲಿ ಸುಮ್ನೆ ಎಲ್ಲಾ ಟೇಕ್ ಹಾಕಿಕೊಂಡು ಕೂತೆ. ಡೈಲಾಗ್ ಮರೆತಿದ್ದಕ್ಕೆ ಬಿಟ್ಟುಬಿಟ್ಟಿದ್ದ ಮೂರನೇ ಟೇಕ್‌ನಲ್ಲಿ, 'ಆಕ್ಷನ್' ಅನ್ನುವ ಮುಂಚೆ ನಟಿ ತನ್ನ ಅಂಗೈ ನೋಡಿಕೊಂಡು, ಅದನ್ನು ಮೆಲ್ಲಗೆ ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಮೂರೇ ಸೆಕೆಂಡ್, ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 72 ಫ್ರೇಮ್. ಅದನ್ನು ಸೇರಿಸಿದ ಮೇಲೆ 'ನಂಗೆ ಭಯ ಆಗ್ತಿದೆ' ಅನ್ನೋ ಡೈಲಾಗೇ ಬೇಡವಾಯ್ತು, ತೆಗೆದೆ. ನಾನು ಅದನ್ನು ಗಮನಿಸಿದ್ದೂ ಮೂರನೇ ಸಲ ನೋಡುವಾಗ.

ಶೂಟಿಂಗ್ ಕಲಿಯೋಕೆ ಧಾರಾಳವಾಗಿ ಸೇರಿ. ಎಡಿಟಿಂಗ್‌ಗಾಗಿಯೇ ಆದರೆ ಬೇಡ. ಸೇರಿದರೆ ನಿಮ್ಮದೇ ಹಾರ್ಡ್ ಡಿಸ್ಕ್ ಒಯ್ದು, ಬೇಡ ಅಂತ ಬಿಟ್ಟ ಟೇಕ್‌ಗಳನ್ನೂ ಕಾಪಿ ಮಾಡಿಕೊಳ್ಳಿ. ಕೋರ್ಸ್ ಮುಗಿದ ಮರುದಿನವೇ ಲ್ಯಾಬಿನ ಕಂಪ್ಯೂಟರ್ ಖಾಲಿ ಮಾಡ್ತಾರೆ.