ಡಾಫ್ಟ್ ಪಂಕ್‌ನ ‘ಹೋಮ್‌ವರ್ಕ್’: ಎಂಟನೇ ಹಾಡು ಬಂದಾಗ ಆಂಪ್ಲಿಫೈಯರ್‌ನ ಕೆಂಪು ದೀಪ ನೋಡಿ

ಫ್ರಾನ್ಸಿನ ಎಲೆಕ್ಟ್ರಾನಿಕ್ ನೃತ್ಯಸಂಗೀತದ ಜೋಡಿ ಡಾಫ್ಟ್ ಪಂಕ್‌ನ ‘ಹೋಮ್‌ವರ್ಕ್’ ಆಲ್ಬಮ್ ಹಚ್ಚಿ. ಎಂಟನೇ ಹಾಡು ‘ರೋಲಿನ್ ಅಂಡ್ ಸ್ಕ್ರ್ಯಾಚಿನ್’ ಶುರುವಾಗಿ ಎರಡು ನಿಮಿಷ ಆಗಿರುವುದಿಲ್ಲ, ಬಾಜೂ ಕೋಣೆಯಿಂದ ಪ್ರಶ್ನೆ ಬಂದೇ ಬರುತ್ತದೆ: ‘ಸ್ಪೀಕರ್ ಹರದೈತೇನು?’ ಹರಿದಿರುವುದಿಲ್ಲ. ಆ ಕರ್ಕಶ, ತಗಡು ಕೆರೆದಂಥ ಆ ಸದ್ದು, ರೆಕಾರ್ಡಿನಲ್ಲೇ ಇದೆ. ಬೇಕಂತಲೇ ಹಾಕಿದ್ದು. ನನ್ನ ತಕರಾರು ಸದ್ದಿನ ಮೇಲಲ್ಲ. ಸ್ಪೀಕರ್ ನಿಜವಾಗಿಯೂ ಹರಿಯುತ್ತಿದ್ದರೂ ಈ ಹಾಡು ಹೆಚ್ಚುಕಡಿಮೆ ಹೀಗೇ ಕೇಳಿಸುತ್ತದೆ. ಅದೇ ಈ ಆಲ್ಬಮ್ಮಿನ ದೊಡ್ಡ ಉಪದ್ರವ. ವರ್ಷಗಟ್ಟಲೆ ಕೇಳಿದ ಮೇಲೂ ನನ್ನ ವಿಮರ್ಶೆ ಅದರ ಸುತ್ತಲೇ ತಿರುಗುತ್ತದೆ.

ಹಾಡುಗಳ ಪಟ್ಟಿ, ಮುಖಪುಟದ ಕಥೆ, ಮುಂದೆ ಇಬ್ಬರೂ ತಲೆಗೆ ಹೆಲ್ಮೆಟ್ ಏರಿಸಿಕೊಂಡ ಕಥೆ ಎಲ್ಲ ನೀವು ಓದಿರುತ್ತೀರಿ. ಇಷ್ಟು ಸಾಕು: ಥಾಮಸ್ ಬಂಗಾಲ್ಟೇರ್ ಮತ್ತು ಗೀ-ಮಾನ್ಯುಯೆಲ್ ದ ಓಮೆಮ್-ಕ್ರಿಸ್ಟೊ ಎಂಬ ಇಬ್ಬರು ಹುಡುಗರು ಪ್ಯಾರಿಸ್ಸಿನಲ್ಲಿ, ಬಂಗಾಲ್ಟೇರ್ ಮನೆಯ ಮಲಗುವ ಕೋಣೆಯಲ್ಲಿ ಇದನ್ನು ಮಾಡಿದರು. 1997ರ ಜನವರಿಯಲ್ಲಿ ಬಂತು. ಲಂಡನ್ನಿನಲ್ಲಿ ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಸದ್ದನ್ನು ಕೊನೆಯ ಸಲ ಹದ ಮಾಡುವುದು) ಮಾಡಿದ್ದು ನೀಲೇಶ್ ಪಟೇಲ್. 16 ಹಾಡು, ಸುಮಾರು 74 ನಿಮಿಷ. ಅಂದರೆ ಒಂದು ಸಿಡಿಯ ತುಂಬಾ, ಬೆರಳು ಇಡಲೂ ಜಾಗ ಇಲ್ಲದಷ್ಟು.

ಕೋಣೆಯಲ್ಲಿ ಮಾಡಿದ್ದು ಎನ್ನುವುದು ಕಿವಿಗೆ ಗೊತ್ತಾಗುತ್ತದೆ. ರೋಲ್ಯಾಂಡ್ ಕಂಪನಿಯ 909 ಡ್ರಮ್ ಯಂತ್ರ, 303 ಬೇಸ್ ಯಂತ್ರ, ಒಂದೆರಡು ಸ್ಯಾಂಪ್ಲರ್ (ಬೇರೆ ಸದ್ದಿನ ತುಣುಕು ಹಿಡಿದು ನುಡಿಸುವ ಯಂತ್ರ), ಅಗ್ಗದ ಕಂಪ್ರೆಸರ್ ಇದ್ದರೆ ಇಂಥ ಸದ್ದಿನ ಮುಕ್ಕಾಲು ಪಾಲು ಹುಟ್ಟುತ್ತದೆ. ಕಂಪ್ರೆಸರ್ ಕೆಲಸ ಅಂದರೆ ದೊಡ್ಡ ಸದ್ದನ್ನು ಒತ್ತಿ ಹಿಡಿಯುವುದು. ಇಡೀ ಹಾಡನ್ನೇ ಅದರೊಳಗೆ ತೂರಿಸಿದರೆ, ಪ್ರತಿ ಸಲ ಡ್ರಮ್ಮಿನ ದಬ್ ಬಿದ್ದಾಗ ಉಳಿದದ್ದೆಲ್ಲ ಒಂದು ಕ್ಷಣ ಕುಗ್ಗಿ ಮತ್ತೆ ಏಳುತ್ತದೆ. ಆ ಉಸಿರಾಟವೇ ಈ ಸಂಗೀತದ ಜೀವ. 303 ಯಂತ್ರದ ತೆಳ್ಳನೆಯ ಬೇಸನ್ನು ಮಿಕ್ಸರಿನ ಮಿತಿ ಮೀರಿ ತಳ್ಳಿದರೆ ಅದು ಒಡೆದು, ಕೊಬ್ಬಿ, ಗುರ್ ಎನ್ನುತ್ತದೆ. ‘ಡಾ ಫಂಕ್’ ಹಾಡಿನ ಮುಖ್ಯ ಗತ್ತು ಕೇಳಿ, ಅಂಚೆಲ್ಲ ಹರಕಲು. ಇದನ್ನು ‘ಕ್ಲೀನ್’ ಮಾಡುವ ಆಸೆಯಿಂದ ಈಕ್ವಲೈಜರಿನಲ್ಲಿ ನಡುವಿನ ಸ್ವರ ಇಳಿಸುವವರಿದ್ದಾರೆ. ಇಳಿಸಿದರೆ ಹಾಡು ಸಪ್ಪೆ. ಹುಳಿ ತೆಗೆದ ಮೊಸರು.

ಹಾಗಾದರೆ ರೆಕಾರ್ಡಿನ ಹರಕು ಯಾವುದು, ನಿಮ್ಮ ಸ್ಪೀಕರ್ ಪೆಟ್ಟಿಗೆಯ ಹರಕು ಯಾವುದು? ಪರೀಕ್ಷೆ ಸುಲಭ, ಆದರೆ ಕ್ರಮ ತಪ್ಪಬಾರದು. ಮೊದಲು ಏಳನೇ ಹಾಡು ‘ಅರೌಂಡ್ ದ ವರ್ಲ್ಡ್’ ಹಚ್ಚಿ. ಅದರ ಬೇಸ್ ನುಣ್ಣಗಿದೆ, ಏರುವ ಇಳಿಯುವ ಸ್ವರ ಒಂದೊಂದೂ ಬಿಡಿಯಾಗಿ ಕೇಳಬೇಕು. ವಾಲ್ಯೂಮ್ ಏರಿಸುತ್ತಾ ಹೋಗಿ. ಎಲ್ಲಿ ಆ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ‘ಭೊರ್’ ಎನ್ನುತ್ತವೋ, ಅಥವಾ ಆಂಪ್ಲಿಫೈಯರ್‌ನ ಕ್ಲಿಪ್ ದೀಪ (ಮಿತಿ ಮೀರಿದಾಗ ಹತ್ತುವ ಕೆಂಪು ದೀಪ) ಡ್ರಮ್ಮಿನ ಪ್ರತಿ ಏಟಿನೊಂದಿಗೆ ಮಿನುಗುತ್ತದೋ, ಅದು ನಿಮ್ಮ ಮಿತಿ. ಅಲ್ಲಿಂದ 6 ಡೆಸಿಬೆಲ್ ಇಳಿಸಿ, ಗುರುತು ಹಾಕಿ. ಈಗ ಎಂಟನೇ ಹಾಡು. ಹರಕು ಸದ್ದು ಬಂತೇ? ವಾಲ್ಯೂಮನ್ನು ಮಾತಾಡುವ ಮಟ್ಟಕ್ಕೆ ಇಳಿಸಿ. ರೆಕಾರ್ಡಿನ ಹರಕು ಸಣ್ಣ ದನಿಯಲ್ಲೂ ಹಾಗೇ ಉಳಿಯುತ್ತದೆ. ನಿಮ್ಮ ಪೆಟ್ಟಿಗೆಯದಾದರೆ ದನಿ ಇಳಿದಂತೆ ಮಾಯವಾಗುತ್ತದೆ. ಇಳಿಸಿದರೂ ಒಂದೇ ಕಡೆಯ ಸ್ಪೀಕರಿನಿಂದ ಕರಕರ ಬರುತ್ತಿದ್ದರೆ ಸ್ಪೀಕರಿನೊಳಗಿನ ತಂತಿ ಸುರುಳಿ (ವಾಯ್ಸ್ ಕಾಯಿಲ್) ಉಜ್ಜುತ್ತಿದೆ, ಇಲ್ಲವೇ ಕೋನಿನ ಅಂಚು ಬಿಟ್ಟಿದೆ. ಎಡ ಬಲ ವಯರ್ ಅದಲುಬದಲು ಮಾಡಿ ನೋಡಿ. ಕರಕರ ಅದೇ ಪೆಟ್ಟಿಗೆಯಲ್ಲೇ ಉಳಿದರೆ ರಿಪೇರಿಗೆ ಕೊಡುವುದು, ಆಚೆ ಪೆಟ್ಟಿಗೆಗೆ ಜಿಗಿದರೆ ಆಂಪ್ಲಿ ಅಥವಾ ಕೇಬಲ್ ನೋಡುವುದು.

ಸೌಂಡ್ ಬಾಡಿಗೆಗೆ ಕೊಡುವವರು ಇದನ್ನು ಹಗುರವಾಗಿ ತಗೋಬಾರದು. ಆಂಪ್ಲಿ ಕ್ಲಿಪ್ ಆದಾಗ ಅಲೆಯ ತಲೆ ಚಪ್ಪಟೆಯಾಗುತ್ತದೆ. ಹಾಗಾದ ಅಲೆಯಲ್ಲಿ ಮೂಲದಲ್ಲಿಲ್ಲದ ಮೇಲಿನ ಕಂಪನಗಳು ಹುಟ್ಟಿ, ನೇರ ಟಾಪಿನ (ಮೇಲಿನ ಸ್ವರ ನುಡಿಸುವ ಪೆಟ್ಟಿಗೆಯ) ಹಾರ್ನಿಗೆ ಹೋಗುತ್ತವೆ. ಹಾರ್ನಿನ ಹಿಂದಿನ ಡಯಾಫ್ರಾಮ್ ತೆಳು ಹಾಳೆ, ಅದಕ್ಕೆ ಅಂಟಿದ ತಂತಿ ಸುರುಳಿ ಸುಟ್ಟೇ ಹೋಗುತ್ತದೆ. ಬೇರೆ ಹಾಡಾದರೆ ಕ್ಲಿಪ್ ಆದ ತಕ್ಷಣ ಕಿವಿಗೆ ಗೊತ್ತಾಗಿ ಕೈ ತಾನೇ ಇಳಿಸುತ್ತದೆ. ಈ ಏಳೂವರೆ ನಿಮಿಷದ ಹಾಡಿನಲ್ಲಿ ಕಿವಿ ಸಾಕ್ಷಿ ಹೇಳುವುದಿಲ್ಲ. ಕೆಂಪು ದೀಪವೊಂದೇ ಸಾಕ್ಷಿ. ಆಪರೇಟರ್ ಚಹಾ ಕುಡಿಯಲು ಹೋಗಬಾರದ ಹಾಡು ಇದು.

ಗದಗ, ಹಾವೇರಿ, ಹುಬ್ಬಳ್ಳಿ ಎಲ್ಲಾದರೂ ಸರಿ, ಕಲ್ಯಾಣ ಮಂಟಪದಲ್ಲಿ ಇದನ್ನು ಹಚ್ಚುವವರಿಗೆ ಇನ್ನೊಂದು ತೊಡಕು. ಗ್ರಾನೈಟ್ ನೆಲ, ಬೋಳು ಗೋಡೆ, ಎತ್ತರದ ಸ್ಲ್ಯಾಬ್. ‘ಅರೌಂಡ್ ದ ವರ್ಲ್ಡ್’ ನಿಮಿಷಕ್ಕೆ ಸುಮಾರು 121 ಪೆಟ್ಟಿನ ಹಾಡು, ಅಂದರೆ ಅರ್ಧ ಸೆಕೆಂಡಿಗೊಂದು ದಬ್. ಮಂಟಪದ ಮಾರ್ದನಿ ಎರಡು ಸೆಕೆಂಡ್ ನಿಂತರೆ ನಾಲ್ಕು ಪೆಟ್ಟು ಒಂದರ ಮೇಲೊಂದು ಬಿದ್ದು ಬೇಸಿನ ಗತ್ತು ಕೆಸರಾಗುತ್ತದೆ. ಮಂದಿ ತುಂಬಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಮೇಲಿನ ಸ್ವರಕ್ಕೆ ಆ ಮಾತು ನಿಜ, ಬೇಸ್ ಸ್ವರಕ್ಕೆ ಅಲ್ಲ. ಪರದೆ ಕಟ್ಟಿದರೂ ಅಷ್ಟೇ. 18 ಇಂಚಿನ ಎರಡು ಬೇಸ್ ಪೆಟ್ಟಿಗೆ ಇದ್ದರೆ ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಇಡಬೇಡಿ. ಎರಡನ್ನೂ ಜೋಡಿಸಿ ಒಂದೇ ಕಡೆ ಇಡಿ. ದೂರ ಇಟ್ಟರೆ ಒಂದು ಕುರ್ಚಿಯಲ್ಲಿ ಎದೆ ನಡುಗುತ್ತದೆ, ನಾಲ್ಕು ಹೆಜ್ಜೆ ಆಚೆ ಬೇಸೇ ಇರುವುದಿಲ್ಲ. ಕ್ರಾಸ್‌ಓವರ್ (ಬೇಸ್ ಪೆಟ್ಟಿಗೆಗೂ ಟಾಪಿಗೂ ಸ್ವರ ಹಂಚುವ ಗಡಿ) 90-100 ಹರ್ಟ್ಸ್ ಹತ್ತಿರ, ಕೆಳಗಡೆ 35ಕ್ಕೆ ಕತ್ತರಿ, ಬೇಸ್ ಆಂಪ್ಲಿ 3 ಡೆಸಿಬೆಲ್ ಕಡಿಮೆ. ಇಷ್ಟಾದರೂ ಬೇಸ್ ಬರದಿದ್ದರೆ ಒಂದು ಪೆಟ್ಟಿಗೆಯ ಪ್ಲಸ್ ಮೈನಸ್ ತಿರುಗಿರುತ್ತದೆ. ಆಂಪ್ಲಿ ಬಂದ್ ಮಾಡಿ, ಒಂದರದ್ದು ಮಾತ್ರ ತಿರುಗಿಸಿ, ಮತ್ತೆ ಹಚ್ಚಿ. ಯಾವುದರಲ್ಲಿ ಸದ್ದು ದಪ್ಪ ಬಂತೋ ಅದೇ ಸರಿ.

ಮೂರನೇ ಹಾಡು ‘ರೆವಲ್ಯೂಷನ್ 909’ ಪೊಲೀಸರು ಬಂದು ಸಂಗೀತ ನಿಲ್ಲಿಸುವ ಸದ್ದಿನೊಂದಿಗೆ ಶುರುವಾಗುತ್ತದೆ. ನಮ್ಮಲ್ಲೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಂದ್ ಎನ್ನುವ ನಿಯಮ 2000ನೇ ಇಸವಿಯಿಂದ ಇದೆ. ಹತ್ತಕ್ಕೆ ಐದು ನಿಮಿಷ ಇದ್ದಾಗ ಈ ಹಾಡು ಹಚ್ಚುವುದು ಸ್ವಲ್ಪ ಅತಿಯಾದ ತಮಾಷೆ.

ಇಯರ್‌ಫೋನಿನಲ್ಲಿ ಕೇಳುವವರಿಗೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಈ ಆಲ್ಬಮ್ಮಿಗೆ ಅಳತೆ ಮಾಡಿ ಹೊಲಿಸಿದಂತಿದೆ. ಎಲ್‌ಪಿಯಲ್ಲಿ ಇದು ಎರಡು ತಟ್ಟೆ, ನಾಲ್ಕು ಬದಿ. ಮೊದಲ ತಟ್ಟೆ, ಅಂದರೆ ಮೊದಲ ಎಂಟು ಹಾಡು, ಸುಮಾರು 38 ನಿಮಿಷ. ಹೊಸೂರು ಕಡೆ ಹತ್ತಿ ಶುರು ಮಾಡಿದರೆ ಉಣಕಲ್ ಕೆರೆಯ ಹೊತ್ತಿಗೆ ‘ಡಾ ಫಂಕ್’ನ ಗುಂಗು, ನವನಗರ ದಾಟಿ ‘ಫ್ರೆಶ್’ನ ಕಡಲ ತೆರೆಯ ಸದ್ದು, ಧಾರವಾಡ ಮುಟ್ಟುವಷ್ಟರಲ್ಲಿ ಆ ಎಂಟನೆಯದು ಕಿವಿ ಕೆರೆಯುತ್ತಿರುತ್ತದೆ. ಬಸ್ಸಿನ ಎಂಜಿನ್ ಹಿಂದಿದೆ, ಹಿಂದಿನ ಸೀಟಿನಲ್ಲಿ ಅದರ ಗುರುಗುರು ಬೇಸನ್ನು ನುಂಗುತ್ತದೆ. ಮುಂದಿನ ಅರ್ಧದಲ್ಲಿ ಕೂಡ್ರಿ. ರಬ್ಬರ್ ಟಿಪ್ ಕಿವಿಗೆ ಸರಿಯಾಗಿ ಕೂತಿರಬೇಕು: ಹಾಕಿದ ಮೇಲೆ ನಿಮ್ಮದೇ ಮಾತು ತಲೆಯೊಳಗೆ ಗುಂಯ್ ಅಂದರೆ ಕೂತಿದೆ ಎಂದರ್ಥ, ಇಲ್ಲದಿದ್ದರೆ ಒಂದು ಸೈಜು ದೊಡ್ಡದು ಹಾಕಿ. ಟಿಪ್ ಸಡಿಲಿದ್ದರೆ ಐದು ಸಾವಿರದ ಇಯರ್‌ಫೋನಿನಲ್ಲೂ ಬೇಸ್ ಇರುವುದಿಲ್ಲ. ಸರಿ ಕೂತರೆ ಐನೂರರದ್ದೂ ಸಾಕು. ಆ್ಯಪಿನ ‘ಬೇಸ್ ಬೂಸ್ಟ್’ ಮಾತ್ರ ಮುಟ್ಟಬೇಡಿ, 909ರ ಪೆಟ್ಟಿನ ಚೂಪು ಹೋಗಿ ದಿಂಬಿಗೆ ಗುದ್ದಿದಂತಾಗುತ್ತದೆ.

ಫೋನಿನಲ್ಲಿ ಮಾಡಲೇಬೇಕಾದ ಸೆಟ್ಟಿಂಗ್ ಎರಡು. ಕ್ರಾಸ್‌ಫೇಡ್ (ಒಂದು ಹಾಡಿನ ಬಾಲದ ಮೇಲೆ ಇನ್ನೊಂದರ ತಲೆ ಬೆರೆಸುವುದು) ಸೊನ್ನೆ, ಗ್ಯಾಪ್‌ಲೆಸ್ (ನಡುವೆ ಮೌನವಿಲ್ಲದೆ ಹಚ್ಚುವುದು) ಚಾಲೂ. ಹಾಡಿನಿಂದ ಹಾಡಿಗೆ ಸದ್ದು ಹರಿಯುವ ಕಡೆಗಳಿವೆ. ಎರಡನೆಯದು ಅರ್ಧ ನಿಮಿಷವೂ ಇಲ್ಲದ ರೇಡಿಯೊ ತುಣುಕು, ಅದರ ಹಿಂದೆ ಮುಂದೆ ಮೌನ ಬಿದ್ದರೆ ಅರ್ಥವೇ ಇಲ್ಲ. ಸಿಡಿಯಿಂದ ಎಂಪಿ3 ಮಾಡಿದರೆ ಫೈಲಿನ ಆಚೆ ಈಚೆ ಕಣ್ಣು ಮಿಟುಕಿಸುವಷ್ಟು ಮೌನ ತಾನೇ ಸೇರಿಕೊಳ್ಳುತ್ತದೆ. ಎಷ್ಟೋ ಪ್ಲೇಯರುಗಳು ಅದನ್ನು ಕತ್ತರಿಸುವುದಿಲ್ಲ. ಫ್ಲ್ಯಾಕ್ ಅಥವಾ ವೇವ್ ಮಾಡಿಕೊಳ್ಳಿ. ವೇವ್ ನಿಮಿಷಕ್ಕೆ 10 ಎಂಬಿ ಲೆಕ್ಕದಲ್ಲಿ ಇಡೀ ಆಲ್ಬಮ್ 750 ಎಂಬಿ ಒಳಗೆ. ಕಾರಿನ ಪೆನ್‌ಡ್ರೈವಿಗೆ ಹಾಕುವಾಗ ಹೆಸರಿನ ಮುಂದೆ 01, 02 ಅಂತ ಹಾಕಿ, ಅದೇ ಕ್ರಮದಲ್ಲಿ ಕಾಪಿ ಮಾಡಿ. ಕೆಲವು ಸ್ಟೀರಿಯೊಗಳು ಹೆಸರು ನೋಡುವುದೇ ಇಲ್ಲ, ಯಾವುದು ಮೊದಲು ಕಾಪಿ ಆಯಿತೋ ಅದನ್ನೇ ಮೊದಲು ಹಚ್ಚುತ್ತವೆ.

‘ಒಂದೇ ಸಾಲು ಎಷ್ಟು ಸಲ ಹೇಳ್ತಾರ್ರೀ?’ ಎನ್ನುವ ದೂರು ಇದೆ. ‘ಅರೌಂಡ್ ದ ವರ್ಲ್ಡ್’ನಲ್ಲಿ ಆ ಮೂರು ಪದ 144 ಸಲ ಬರುತ್ತವೆ, ಎಣಿಸಿದವರಿದ್ದಾರೆ. ಧಾರವಾಡದ ಕಿವಿಗೆ ಇದು ದೂರಾಗಬಾರದು. ವಿಳಂಬಿತ ಖಯಾಲಿನಲ್ಲಿ ಎರಡು ಸಾಲಿನ ಬಂದಿಶ್ ಇಟ್ಟುಕೊಂಡು ಮುಕ್ಕಾಲು ಗಂಟೆ ಕೂಡುವವರು ನಾವು. ಇಲ್ಲೂ ಮಾತು ಬರೀ ಗೂಟ, ಸುತ್ತಲಿನದು ಬದಲಾಗುತ್ತದೆ. ಎಂಟು ‘ಬಾರ್’ ಆದಾಗೊಮ್ಮೆ (ಒಂದು ಬಾರ್ ಅಂದರೆ ನಾಲ್ಕು ಪೆಟ್ಟು) ಏನಾದರೊಂದು ಬರುತ್ತದೆ ಇಲ್ಲವೇ ಹೋಗುತ್ತದೆ, ತೀನ್‌ತಾಲದ ಲೆಕ್ಕದಲ್ಲಿ ಎರಡು ಆವರ್ತನ, 32 ಮಾತ್ರೆ, ಹೆಚ್ಚುಕಡಿಮೆ 16 ಸೆಕೆಂಡ್. ಕೈಯಲ್ಲಿ ತಾಳ ಹಾಕುತ್ತಾ ಕೇಳಿ, ಸಮ್ ಮೇಲೆ ಹೊಸ ಸದ್ದು ಬಂದು ಕೂಡುವುದು ಸಿಕ್ಕರೆ ಹಾಡು ತೆರೆದುಕೊಂಡಿತು. ಸಿಗದಿದ್ದರೆ ಮಿಷೆಲ್ ಗಾಂಡ್ರಿ ಮಾಡಿದ ವಿಡಿಯೊ ನೋಡಿ: ಮೆಟ್ಟಿಲು ಹತ್ತಿಳಿಯುವ ಕ್ರೀಡಾಪಟುಗಳು ಬೇಸ್, ಮಮ್ಮಿಗಳು ಡ್ರಮ್, ಅಸ್ಥಿಪಂಜರಗಳು ಗಿಟಾರ್, ರೋಬೋಟುಗಳು ಆ ಮೂರು ಪದ ಹೇಳುವ ಯಂತ್ರದ ಗಂಟಲು. ಒಂದು ಸಲ ಬೇಸನ್ನಷ್ಟೇ, ಇನ್ನೊಂದು ಸಲ ಗಿಟಾರನ್ನಷ್ಟೇ ಹಿಂಬಾಲಿಸಬಹುದು. ಇದು ನಾನು ನಿರೀಕ್ಷಿಸದ ಸುಖ. ನೃತ್ಯಕ್ಕೆಂದು ಮಾಡಿದ ಹಾಡು ಕೂತು ಕೇಳುವುದನ್ನು ಕಲಿಸುತ್ತದೆ.

ಒಂಬತ್ತನೆಯ ‘ಟೀಚರ್ಸ್’ನಲ್ಲಿ ಹಾಡೇ ಇಲ್ಲ, ತಮಗೆ ದಾರಿ ತೋರಿದವರ ಹೆಸರುಗಳನ್ನು ಓದುತ್ತಾ ಹೋಗುತ್ತಾರೆ. ಷಿಕಾಗೊ ಡಿಜೆಗಳ ಜೊತೆಗೆ ಫಂಕ್ ಸಂಗೀತದ ಜಾರ್ಜ್ ಕ್ಲಿಂಟನ್, ಬೀಚ್ ಬಾಯ್ಸ್ ತಂಡದ ಬ್ರಯನ್ ವಿಲ್ಸನ್ ಕೂಡ. ಗುರುವಿನ ಹೆಸರು ಬಂದಾಗ ಕಿವಿ ಮುಟ್ಟಿಕೊಳ್ಳುವ ನಮ್ಮ ಗವಾಯಿಗಳಿಗೆ ಇದು ಹೊಸದೇನಲ್ಲ.

ಇಲ್ಲಿಂದ ಮುಂದೆ ನನ್ನ ಸಹನೆ ಕಡಿಮೆ. ಎಲ್‌ಪಿಯ ಮೂರನೇ ಬದಿ ಇಡೀ ಆಲ್ಬಮ್ಮಿನ ಸೊರಗಿದ ಭಾಗ. ‘ಹೈ ಫಿಡೆಲಿಟಿ’ ಕತ್ತರಿಸಿದ ತುಣುಕುಗಳ ಆಟ, ಆರು ನಿಮಿಷಕ್ಕೆ ಸಾಲುವಷ್ಟು ಸರಕಿಲ್ಲ. ‘ರಾಕ್ ಎನ್ ರೋಲ್’ ಏಳೂವರೆ ನಿಮಿಷ ಒಂದೇ ಗೋಡೆಗೆ ಹಣೆ ಹೊಡೆದುಕೊಳ್ಳುತ್ತದೆ. ಎಂಟನೆಯದರ ಕರ್ಕಶಕ್ಕೆ ಒಂದು ಏರಿಕೆ, ಒಂದು ಇಳಿಕೆ ಇತ್ತು, ಇದಕ್ಕೆ ಅದೂ ಇಲ್ಲ. ದೊಡ್ಡ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ನೂರು ಮಂದಿಯ ನಡುವೆ ಕೆಲಸ ಮಾಡೀತು. ಮನೆಯಲ್ಲಿ ನಾಲ್ಕು ಇಂಚಿನ ಸ್ಪೀಕರಿನಲ್ಲಿ ಅದು ಶುದ್ಧ ತಲೆನೋವು, ಯಾಕೆಂದರೆ ಅಂಥ ಸ್ಪೀಕರು 80 ಹರ್ಟ್ಸ್ ಕೆಳಗೆ ಏನೂ ಕೊಡುವುದಿಲ್ಲ, 909ರ ದಬ್‌ನ ಹೊಟ್ಟೆ ಇರುವುದೇ ಅದಕ್ಕೂ ಕೆಳಗೆ. ಹೊಟ್ಟೆ ಹೋದ ಮೇಲೆ ಉಳಿಯುವುದು ಬರೀ ಚೀರಾಟ. ನಾಲ್ಕನೇ ಬದಿಯಲ್ಲಿ ‘ಬರ್ನಿನ್’ ಅಗ್ನಿಶಾಮಕದ ಗಾಡಿಯಂತೆ ಊಳಿಡುತ್ತಾ ಬಂದು ಮತ್ತೆ ಮೇಲೆತ್ತುತ್ತದೆ, ‘ಅಲೈವ್’ ಕೂಡ ಚಲೋ. ಮೂರನೇ ಬದಿಯಲ್ಲಿ ‘ಟೀಚರ್ಸ್’ ಮಾತ್ರ ಇಟ್ಟುಕೊಂಡು, ಉಳಿದ ಮೂರು ಹಾಡು ಬಿಟ್ಟು ಪ್ಲೇಲಿಸ್ಟ್ ಮಾಡಿಕೊಂಡರೆ ಸುಮಾರು 58 ನಿಮಿಷದ, ನನಗಂತೂ ಇನ್ನೂ ಗಟ್ಟಿಯಾದ ಆಲ್ಬಮ್ ಸಿಗುತ್ತದೆ.

ರೊಕ್ಕದ ಮಾತು. ಎಲ್‌ಪಿ ಇಲ್ಲಿಗೆ ಹೊರಗಿನಿಂದ ಬರಬೇಕು, ದುಬಾರಿ, ಹುಬ್ಬಳ್ಳಿಯ ಬೇಸಿಗೆಯಲ್ಲಿ ಬಾಗಿಲ ಹೊರಗೆ ಅರ್ಧ ದಿನ ಬಿದ್ದ ಪಾರ್ಸೆಲ್ ಡೊಂಕಾಗುವ ಭಯ ಬೇರೆ. ಟರ್ನ್‌ಟೇಬಲ್ ಮೊದಲೇ ಇದ್ದವರು ತಗೊಳ್ಳಲಿ. ಹಳೆಯ ಸಿಡಿ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ, 74 ನಿಮಿಷ ಒಂದೇ ತಟ್ಟೆಯಲ್ಲಿ. 2022ರಲ್ಲಿ 25 ವರ್ಷದ ನೆಪದಲ್ಲಿ ರೀಮಿಕ್ಸ್‌ಗಳನ್ನು ಸೇರಿಸಿ ಮತ್ತೆ ಬಿಟ್ಟರು. ಸ್ಟ್ರೀಮಿಂಗಿನಲ್ಲಿ ಅದು ಸಿಕ್ಕರೆ ರೀಮಿಕ್ಸ್‌ಗಳನ್ನು ಒಮ್ಮೆ ಕೇಳಿ ಬಿಡಬಹುದು, ದುಡ್ಡು ಕೊಡುವಂಥದ್ದಲ್ಲ. ಉಳಿದ ರೊಕ್ಕ ಇದ್ದರೆ ಎಂಟು ಇಂಚಿನ ಒಂದು ಸಬ್‌ವೂಫರಿಗೆ ಹಾಕಿ, ಆಲ್ಬಮ್ ಎರಡನೇ ಸಲ ಕೊಂಡಂತೆ.

ಕೊನೆಯ ‘ಫಂಕ್ ಆ್ಯಡ್’ ಒಂದು ನಿಮಿಷವೂ ಇಲ್ಲ. ಸದ್ದು ಹಿಂದುಮುಂದಾಗಿ, ಎಳೆದಂತೆ ಕೇಳುತ್ತದೆ. ಅದು ‘ಡಾ ಫಂಕ್’ ಅನ್ನೇ ತಿರುವಿ ಹಚ್ಚಿದ್ದು. ಫೈಲು ಕೆಟ್ಟಿದೆ ಅಂತ ಅಳಿಸಿ ಮತ್ತೆ ಡೌನ್‌ಲೋಡ್ ಮಾಡಲು ಹೋಗಬೇಡಿ.